ನೇರಳೆ ಮುಚ್ಚಳದ ಬಾಟ್ಲಿ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಗುಮಾಸ್ತನೊಬ್ಬನಿಗೇ. ಉಳಿದವರಿಗೆಲ್ಲ ಅವಳು ಇರುವೆಯಕ್ಕ. ಟ್ರೇ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ರೋಗಿಗಳ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಚುಚ್ಚುವ ಮೊದಲು, ಎದುರಿಗಿರುವುದು ಹಸುಗೂಸಾಗಲಿ ಹಲ್ಲುದುರಿದ ಅಜ್ಜನಾಗಲಿ, "ಇರುವೆ ಕಚ್ಚಿದ ಹಾಗೆ, ಅಷ್ಟೇ" ಅನ್ನುತ್ತಿದ್ದಳು. ಹಾಗನ್ನುವವರು ಬೇಕಾದಷ್ಟು ಜನ ಇದ್ದಾರೆ ಬಿಡಿ, ಹಾಗಂದು ಗೋಡೆಗೆ ಮೊಳೆ ಹೊಡೆದ ಹಾಗೆ ಚುಚ್ಚುವವರೇ ಹೆಚ್ಚು. ಇವಳದು ಮಾತ್ರ ನಿಜವಾಗಿಯೂ ಇರುವೆಯೇ. "ಚುಚ್ಚಿದ್ರಾ?" ಅಂತ ರೋಗಿ ಕಣ್ಣು ಬಿಡುವ ಹೊತ್ತಿಗೆ ಹತ್ತಿ ಒತ್ತಿ, ಕೈ ಮಡಿಸಿಟ್ಟು, ಪಕ್ಕದ ಹಾಸಿಗೆಗೆ ಹೋಗಿರುತ್ತಿದ್ದಳು.

ಒಳ್ಳೆಯ ಹೆಸರಿದ್ದರೆ ಏನು ಬಂತು, ಕಾಲು ಕೇಳಬೇಕಲ್ಲ. ಐವತ್ತು ದಾಟಿ ಎಷ್ಟೋ ಕಾಲವಾಗಿತ್ತು. ಆಸ್ಪತ್ರೆಯ ಲಿಫ್ಟು ಒಮ್ಮೆ ಕೆಟ್ಟು ಕೂತರೆ ತಿಂಗಳುಗಟ್ಟಲೆ ಕೂತೇ ಇರುತ್ತಿತ್ತು. ಆ ಯೋಗ ಇವಳಿಗಿರಲಿಲ್ಲ. ಲ್ಯಾಬು ಕೆಳಗೆ, ವಾರ್ಡು ಮೇಲೆ. ಮೆಟ್ಟಿಲು ಹತ್ತುವಾಗ ಮಂಡಿ ಲಟಲಟ ಅನ್ನುತ್ತಿತ್ತು. ಕೆಲಸಕ್ಕೆ ಸೇರಿದಾಗ ಅವಳು ಗಾಜಿನ ಸಿರಿಂಜು ಕುದಿಸಿ ತೊಳೆಯುವ ಆಯಾ. ಒಬ್ಬ ಹಳೆಯ ಸಿಸ್ಟರು ಅವಳ ಕೈ ನೋಡಿ, "ನಿನ್ನ ಬೆರಳಿಗೆ ಕಣ್ಣಿದೆ ಕಣೇ" ಅಂತ ರಕ್ತ ತೆಗೆಯುವುದನ್ನು ಕಲಿಸಿದರು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಆ ಬೆರಳುಗಳೇ ಅವಳಿಗೆ ಅನ್ನ ಹಾಕಿದವು. ಈಗೀಗ ದಣಿವು ಎಷ್ಟೆಂದರೆ, ಮನೆಗೆ ಬಂದು ಚಪ್ಪಲಿ ಬಿಚ್ಚೋಣ ಅಂತ ಕುರ್ಚಿಯಲ್ಲಿ ಕೂತವಳು ಚಪ್ಪಲಿಯಲ್ಲೇ ನಿದ್ದೆ ಹೋಗುತ್ತಿದ್ದಳು.

ಈಗ ಆ ಬಾಟ್ಲಿಗಳ ವಿಷಯ ಹೇಳಬೇಕು. ಜ್ವರ ಎಲ್ಲಿಂದ ಬಂತು ಅಂತ ಗೊತ್ತಾಗದ ರೋಗಿಯ ರಕ್ತವನ್ನು ಎರಡು ಬಾಟ್ಲಿಗೆ ತುಂಬಿ ಕಳಿಸಬೇಕು. ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ನೇರಳೆ. ಎರಡರ ತಳದಲ್ಲೂ ಸಾರಿನಂಥದ್ದು ಇರುತ್ತದೆ. ರಕ್ತದಲ್ಲಿ ಕ್ರಿಮಿ ಇದ್ದರೆ ಅದನ್ನು ತಿಂದು ಬೆಳೆಯುತ್ತದೆ, ಲ್ಯಾಬಿನ ಮೆಶೀನು ಪೀಪೀ ಅಂತ ಕೂಗಿ ಹೇಳುತ್ತದೆ. ಕಲಿಸಿದ ಹಳೆಯ ಸಿಸ್ಟರು ಇವಳಿಗೆ ಹೇಳಿದ್ದು ಇಷ್ಟು: "ಒಂದು ಒಡೆದ್ರೆ ಇನ್ನೊಂದಿರ್ಲಿ ಅಂತ ಎರಡು ಕೊಡ್ತಾರೆ." ಆ ಸಿಸ್ಟರಿಗೆ ಯಾರು ಹೇಳಿದ್ದರೋ. ಒಟ್ಟಿನಲ್ಲಿ ಆ ವಾರ್ಡಿನಲ್ಲಿ ಅದೇ ಶಾಸ್ತ್ರವಾಗಿಹೋಗಿತ್ತು. ಒಂದೊಂದು ಬಾಟ್ಲಿಗೂ ರಕ್ತ ಸ್ವಲ್ಪ ಸಾಲದು, ಧಾರಾಳವಾಗಿ ಬೇಕು. ಎಲುಬಿಗೆ ಚರ್ಮ ಅಂಟಿಕೊಂಡ ಮುದುಕಿಯ ಕೈ ಹಿಡಿದಾಗ ಇರುವೆಯಕ್ಕನಿಗೆ ಹೊಟ್ಟೆ ಚುರ್ ಅನ್ನುತ್ತಿತ್ತು. "ಈ ಜೀವದಲ್ಲಿ ಇರೋದೇ ಒಂದು ಲೋಟ ರಕ್ತ, ಅದನ್ನೂ ಬಸಿದುಕೊಂಡು ಹೋಗ್ಲಾ?" ಅಂತ ನೀಲಿ ಬಾಟ್ಲಿಗೆ ತುಂಬಿ, ನೇರಳೆಯದನ್ನು ಬೀರುವಿಗೆ ವಾಪಸು ಇಟ್ಟುಬಿಡುತ್ತಿದ್ದಳು. ಬರಬರುತ್ತ ಗಟ್ಟಿಮುಟ್ಟಾದವರಿಗೂ ಅದೇ ಅಭ್ಯಾಸವಾಯಿತು. ಬೀರುವಿನಲ್ಲಿ ನೇರಳೆ ಬಾಟ್ಲಿಗಳು ಅವಧಿ ಮೀರಿ ಕೂತಿರುತ್ತಿದ್ದವು. ಯಾರೋ ಬಂದು ಬುಟ್ಟಿಗೆ ಸುರಿದು ಹೋಗುತ್ತಿದ್ದರು. ಯಾರೂ ಯಾಕೆ ಅಂತ ಕೇಳಲಿಲ್ಲ.

ಮನೆಯಲ್ಲಿ ಅವಳ ಜೊತೆ ಇದ್ದದ್ದು ಮೈದುನ ಮತ್ತು ಅವನ ಹೆಂಡತಿ, ಅಂದರೆ ಇವಳ ಓರಗಿತ್ತಿ. ಎರಡು ಜಡೆ ಒಂದು ಕಡೆ ಸೇರಲ್ಲ ಅಂತಾರಲ್ಲ, ಇಲ್ಲಿ ಜಡೆ ಸೇರಿದ್ದವು, ಬಕೆಟ್ಟು ಮಾತ್ರ ಒಂದೇ ಇತ್ತು. ಬೆಳಗ್ಗೆ ಡ್ಯೂಟಿಗೆ ಓಡಬೇಕಾದ ಇರುವೆಯಕ್ಕನಿಗೆ ಬಿಸಿನೀರು ಮೊದಲು ಬೇಕು. ಓರಗಿತ್ತಿಗೂ ಸರಿಯಾಗಿ ಆಗಲೇ ಬೇಕು. "ದುಡಿಯೋರು ಅಂದ್ರೆ ಬರೀ ನೀವೇನಾ? ನಾನು ಇಲ್ಲಿ ಉಯ್ಯಾಲೆ ಆಡ್ತಾ ಇರ್ತೀನಾ?" ಅಂತ ಅವಳು. "ಊರಿನವರ ಕೈ ಹಿಡಿದು ನಗ್ತಾ ಮಾತಾಡ್ತೀನಿ, ಮನೇಲಿ ಬಾಯಿ ತೆಗೆದ್ರೆ ಜಗಳ" ಅಂತ ಇವಳು. ಇನ್ನೊಂದು ಬಕೆಟ್ಟು ತಂದರೆ ಮುಗಿಯುತ್ತಿತ್ತು. ಆದರೆ ಯಾರು ತರಬೇಕು ಅನ್ನುವುದು ಬೇರೆ ಜಗಳ. ಮೈದುನ ಪಾಪದ ಮನುಷ್ಯ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ ಅಂಗಳಕ್ಕೆ ಜಾರಿಕೊಳ್ಳುತ್ತಿದ್ದ.

ಹೀಗಿರುವಾಗ ಓರಗಿತ್ತಿಗೆ ಹೊಟ್ಟೆನೋವು ಬಂತು. ಸಣ್ಣಪುಟ್ಟದ್ದಲ್ಲ, ಹಾವು ಸುತ್ತಿಕೊಂಡ ಹಾಗೆ ಒದ್ದಾಡಿದಳು. ಕರುಳು ತಿರುಚಿಕೊಂಡು ಕಟ್ಟಿಕೊಂಡಿದೆ ಅಂದರು ಡಾಕ್ಟರು. ಕೊಳೆತ ತುಂಡನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದರು. ಇರುವೆಯಕ್ಕನ ವಾರ್ಡಿಗೇ ತಂದು ಮಲಗಿಸಿದರು. ಮೊದಮೊದಲು ಚೆನ್ನಾಗಿದ್ದಳು, "ನಿಮ್ಮ ಆಸ್ಪತ್ರೆ ಟೀ ಇಷ್ಟು ಕೆಟ್ಟದಾಗಿರುತ್ತೆ ಅಂತ ಈಗ ಗೊತ್ತಾಯ್ತು, ಅದಕ್ಕೇ ನೀವು ಮನೆಗೆ ಬಂದು ಸಿಡುಕೋದು" ಅಂತ ಚೇಷ್ಟೆ ಮಾಡುವಷ್ಟು. ಆಮೇಲೆ ಒಂದು ಮಧ್ಯಾಹ್ನ ಗಡಗಡ ನಡುಕ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಮಂಚವೇ ಅಲುಗುತ್ತಿತ್ತು. ಜ್ವರ ಏರಿತು.

ರಕ್ತ ತೆಗೆಯಲು ಬಂದದ್ದು ಇವಳೇ, ಇನ್ಯಾರು ಬರಬೇಕು? ಓರಗಿತ್ತಿಗೆ ಸೂಜಿ ಅಂದರೆ ಜೀವ ಹೋಗುವಷ್ಟು ಹೆದರಿಕೆ. ಬಾಯಿ ಘಟವಾಣಿಯಾದರೂ ಸೂಜಿ ಕಂಡರೆ ಕೂಸು.

"ಅಕ್ಕ, ನಿಮ್ಮ ದಮ್ಮಯ್ಯ, ಸ್ವಲ್ಪ ತೆಗೀರಿ. ಸಾಕು ಅಂದ ತಕ್ಷಣ ಬಿಟ್ಟುಬಿಡಿ."

"ಆಯ್ತು ಕಣೇ, ಆಯ್ತು. ಆ ಕಡೆ ನೋಡು."

ಅವಳ ಕೈಯನ್ನು ಇಷ್ಟು ವರ್ಷದಲ್ಲಿ ಇರುವೆಯಕ್ಕ ಹಿಡಿದದ್ದೇ ಇಲ್ಲ. ಬಿಸಿಯಾಗಿ, ತೆಳ್ಳಗೆ, ಹುಡುಗಿಯ ಕೈಯ ಹಾಗಿತ್ತು. ಮನಸ್ಸು ಕರಗಿತು. ನೀಲಿ ಬಾಟ್ಲಿ ತುಂಬುವಷ್ಟರಲ್ಲಿ "ಸಾಕು ಅಕ್ಕ" ಅಂದಳು ಅವಳು. ಸಾಕು ಅಂತ ಇವಳೂ ಸೂಜಿ ತೆಗೆದಳು. "ಗೊತ್ತೇ ಆಗ್ಲಿಲ್ವಲ್ಲ!" ಅಂತ ಓರಗಿತ್ತಿ ಬೆರಗಾದಾಗ ಇರುವೆಯಕ್ಕನಿಗೆ ಖುಷಿಯಾಯಿತು. ನೇರಳೆ ಬಾಟ್ಲಿ ಟ್ರೇಯ ಮೂಲೆಯಲ್ಲೇ ಉಳಿಯಿತು.

ಜ್ವರ ಇಳಿಯಲಿಲ್ಲ. ಬಿಟ್ಟು ಬಿಟ್ಟು ಬಂತು, ಬಂದಾಗೆಲ್ಲ ನಡುಕ. ಓರಗಿತ್ತಿಯ ಚೇಷ್ಟೆ ನಿಂತಿತು. ಕೇಳಿದ್ದಕ್ಕೆ "ಹೂಂ" "ಉಹೂಂ" ಅಷ್ಟೇ. ಮೈದುನ ಬಾಗಿಲ ಹತ್ತಿರ ನಿಂತು, "ಅತ್ತಿಗೆ, ಏನಂತಾರೆ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. "ರಿಪೋರ್ಟ್ ಬರ್ಲಿ, ಗೊತ್ತಾಗುತ್ತೆ" ಅನ್ನುತ್ತಿದ್ದಳು ಇವಳು. ಅವಳಿಗೆ ಆ ರಿಪೋರ್ಟಿನ ಮೇಲೆ ಪೂರ್ತಿ ನಂಬಿಕೆಯಿತ್ತು.

ರಿಪೋರ್ಟು ಬರುವ ದಿನ ಬೆಳಗ್ಗೆ ಟ್ಯೂಬುಗಳನ್ನು ಕೊಡಲು ಲ್ಯಾಬಿಗೆ ಇಳಿದಾಗ, ಹೊಸದಾಗಿ ಬಂದಿದ್ದ ಲ್ಯಾಬಿನ ಡಾಕ್ಟರಮ್ಮ ಅವಳನ್ನು ನಿಲ್ಲಿಸಿದರು. ಇನ್ನೂ ಚಿಕ್ಕ ವಯಸ್ಸು, ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು.

"ಇರುವೆಯಕ್ಕ ಅಂದ್ರೆ ನೀವೇನಾ? ಕೂತ್ಕೊಳ್ಳಿ. ಒಂದು ಕೇಳ್ಬೇಕಿತ್ತು. ನಿಮ್ಮ ವಾರ್ಡಿಂದ ನೇರಳೆ ಬಾಟ್ಲಿ ಬರೋದೇ ಇಲ್ವಲ್ಲ, ಯಾಕೆ?"

"ಒಂದು ಸಾಕಲ್ವಾ ಮೇಡಂ? ಇನ್ನೊಂದು, ಇದು ಒಡೆದ್ರೆ ಇರ್ಲಿ ಅಂತ."

ಡಾಕ್ಟರಮ್ಮ ತಮಾಷೆ ಅಂದುಕೊಂಡು ನಕ್ಕರು. ಇವಳು ನಗದೆ ಇರುವುದನ್ನು ನೋಡಿ ಬಿಸ್ಕತ್ತು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲ ಕ್ರಿಮಿಗೂ ಗಾಳಿ ಬೇಕು ಅಂತಿಲ್ಲ ಅಕ್ಕ. ಗಾಳಿ ತಾಗಿದ್ರೆ ಬೆಳೆಯದೇ ಇರೋವು, ಸತ್ತೇ ಹೋಗೋವು ಇವೆ. ನಮ್ಮ ಕರುಳಲ್ಲಿ ಅವುಗಳದ್ದೇ ದೊಡ್ಡ ಸಂಸಾರ. ಅಲ್ಲಿದ್ರೆ ತೊಂದ್ರೆ ಇಲ್ಲ. ಕರುಳು ತೂತಾದ್ರೆ, ಹೊಲಿಗೆ ಬಿಟ್ಟು ಸೋರಿದ್ರೆ, ರಕ್ತಕ್ಕೆ ಇಳಿದುಬಿಡ್ತವೆ. ನೀಲಿ ಬಾಟ್ಲಿ ಒಳಗೆ ಗಾಳಿ ಇರುತ್ತೆ, ಅದರಲ್ಲಿ ಅವು ಬೆಳೆಯಲ್ಲ. ನೇರಳೆ ಒಳಗೆ ಗಾಳಿ ಇಲ್ಲ. ಅಂಥವು ಸಿಕ್ಕಿದ್ರೆ ಅದರಲ್ಲೇ ಸಿಗಬೇಕು."

ಇರುವೆಯಕ್ಕ ಕುರ್ಚಿಯ ತುದಿಗೆ ಸರಿದಳು. "ಹಾಗಾದ್ರೆ ರಿಪೋರ್ಟಲ್ಲಿ ಏನೂ ಬೆಳೆದಿಲ್ಲ ಅಂತ ಬರೀತೀರಲ್ಲ..."

"ನೀಲಿ ಬಾಟ್ಲೀಲಿ ಬೆಳೆದಿಲ್ಲ ಅಂತ, ಅಷ್ಟೇ. ಒಂದೇ ಬಾಟ್ಲಿ ಬಂತು ಅಂತ ಕೆಳಗೆ ಬರೆದಿರ್ತೀವಿ. ಮೇಲೆ ಯಾರೂ ಅಲ್ಲಿತನಕ ಓದಲ್ಲ ಅನ್ಸುತ್ತೆ."

ಕರುಳು ಕತ್ತರಿಸಿ ಹೊಲಿಸಿಕೊಂಡವಳು ಮೇಲೆ ಮಲಗಿದ್ದಾಳೆ, ರಿಪೋರ್ಟು ಆಗಲೇ ಮೇಲೆ ಹೋಗಿದೆ. ಡಾಕ್ಟರಮ್ಮ ಇನ್ನೇನೋ ಹೇಳುತ್ತಿದ್ದರು, ಸಿರಿಂಜಿನಲ್ಲಿ ತೆಗೆದರೆ ನೇರಳೆಗೇ ಮೊದಲು ಹಾಕಿ, ಒಂದು ಗುಳ್ಳೆ ಗಾಳಿಯೂ ಹೋಗಬಾರದು ಅಂತ. ಕೇಳಿಸಿಕೊಳ್ಳುತ್ತಲೇ ಎದ್ದು ಓಡಿದಳು. ಓಡಿದಳು ಅನ್ನುವುದು ಮಾತಿಗೆ. ಆ ಮಂಡಿಯಲ್ಲಿ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಎಳೆದುಕೊಂಡು ಹತ್ತಿದಳು. ದಾರಿಯುದ್ದಕ್ಕೂ "ಏನೂ ಆಗಿರಲ್ಲ, ಏನೂ ಆಗಿರಲ್ಲ" ಅಂತ ತನಗೆ ತಾನೇ ಹೇಳಿಕೊಂಡಳು.

ದೊಡ್ಡ ಡಾಕ್ಟರು ತಮ್ಮ ದಂಡು ಕಟ್ಟಿಕೊಂಡು ಓರಗಿತ್ತಿಯ ಮಂಚದ ಹತ್ತಿರ ಆಗಲೇ ನಿಂತಿದ್ದರು. ಕೈಯಲ್ಲಿ ರಿಪೋರ್ಟು. "ರಕ್ತದಲ್ಲಿ ಏನೂ ಇಲ್ಲ. ಡ್ರಿಪ್ ಹಾಕಿದ ಜಾಗ ಕೆಂಪಗಾಗಿದೆ, ಜ್ವರ ಅದರಿಂದಲೇ ಇರಬೇಕು. ಅದನ್ನ ತೆಗೀರಿ, ಆಂಟಿಬಯೋಟಿಕ್ ನಿಲ್ಲಿಸಿ ನೋಡೋಣ," ಅಂದರು. ಜೊತೆಗಿದ್ದವರು ತಲೆಯಾಡಿಸಿದರು. ಮೈದುನನ ಮುಖ ಅರಳಿತು. ರಕ್ತ ಸ್ವಚ್ಛ ಅಂದರೆ ಯಾರಿಗೆ ಸಂತೋಷವಾಗಲ್ಲ ಹೇಳಿ.

ಇರುವೆಯಕ್ಕ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಒಂದು ಪ್ರಯತ್ನ ಮಾಡಿದಳು. "ಸರ್, ಇನ್ನೊಂದು ಸಲ ರಕ್ತ ತೆಗೆದು ಕಳಿಸ್ಲಾ?"

"ಯಾಕಮ್ಮ? ರಿಪೋರ್ಟ್ ಬಂದಾಯ್ತಲ್ಲ. ಸೂಜಿ ಕಂಡ್ರೆ ನಡುಗೋ ಹೆಂಗಸನ್ನ ಸುಮ್ನೆ ಮತ್ತೆ ಚುಚ್ಚೋದು ಬೇಡ. ನಿಮ್ಮವರು ಅಂತ ನಿಮಗೆ ಗಾಬರಿ, ಅಷ್ಟೇ." ಡಾಕ್ಟರು ನಗುತ್ತಾ ಹೇಳಿದರು. ಅವರಿಗೂ ಅವಳ ಮೇಲೆ ಅಭಿಮಾನವಿತ್ತು. ಮುಂದಿನ ಮಂಚದ ಕಡೆ ತಿರುಗಿದರು.

ಸುಮ್ಮನಿದ್ದುಬಿಡಬಹುದಿತ್ತು. ಅವರು ಹೋದಮೇಲೆ ಗುಟ್ಟಾಗಿ ತೆಗೆದು ಕಳಿಸಬಹುದಿತ್ತು. ಆದರೆ ಔಷಧಿ ನಿಲ್ಲುತ್ತದೆ, ಹೊಟ್ಟೆಯನ್ನು ಯಾರೂ ಮತ್ತೆ ನೋಡುವುದಿಲ್ಲ, ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಅವಳಿಗೆ ನಾಚಿಕೆ, ಭಯ ಎರಡೂ ಒಟ್ಟಿಗೆ ಆಯಿತು. ಕೈಯಲ್ಲಿದ್ದ ಟ್ರೇಯನ್ನು ಮಂಚದ ತುದಿಗೆ ಇಟ್ಟಳು.

"ಸರ್, ಎರಡನೇ ಬಾಟ್ಲಿ ನಾನು ತುಂಬಲೇ ಇಲ್ಲ."

ದೊಡ್ಡ ಡಾಕ್ಟರು ನಿಂತರು. "ಅಂದ್ರೆ?"

"ನೇರಳೆದು. ಗಾಳಿ ಇಲ್ಲದ್ದು. ಅವಳು ಸಾಕು ಅಂದ್ಲು, ನಾನು ಬಿಟ್ಟೆ. ಆ ರಿಪೋರ್ಟು ಅರ್ಧದ್ದು ಸರ್. ಕರುಳಿನ ಕ್ರಿಮಿ ಅದರಲ್ಲಿ ಕಾಣಲ್ಲವಂತೆ."

ಅವರು ರಿಪೋರ್ಟನ್ನು ಮತ್ತೆ ನೋಡಿದರು, ಈ ಸಲ ಕೆಳಗಿನ ಸಾಲಿನವರೆಗೂ. ಮುಖ ಕೆಂಪಾಯಿತು. ಅಷ್ಟು ಜನರ ಮುಂದೆ, ಹಾಸಿಗೆ ಹಾಸಿಗೆಯವರು ಕತ್ತು ಎತ್ತಿ ನೋಡುವಾಗ, "ಈ ಕೆಲಸ ಮಾಡೋಕೆ ನಿಮಗೆ ಯಾರು ಹೇಳಿಕೊಟ್ರು? ಮೊನ್ನೆ ಮೊನ್ನೆ ಬಂದವರಾ ನೀವು?" ಅಂತ ಕೂಗಾಡಿದರು. ಅರ್ಧ ಸಿಟ್ಟು ಅವಳ ಮೇಲೆ, ಅರ್ಧ ತಾವು ಓದದೆ ಬಿಟ್ಟ ಆ ಸಾಲಿನ ಮೇಲೆ. ಅವಳು ತಲೆ ಎತ್ತಲಿಲ್ಲ. ಮೈದುನ ಬಾಯಿ ತೆರೆದುಕೊಂಡು ಒಮ್ಮೆ ಅವರನ್ನು, ಒಮ್ಮೆ ಅತ್ತಿಗೆಯನ್ನು ನೋಡುತ್ತಿದ್ದ. ಕೊನೆಗೆ ಡಾಕ್ಟರು, "ಈಗಲೇ ತೆಗೀರಿ. ತೆಗೆದ ತಕ್ಷಣ ಹೊಸ ಔಷಧಿ ಶುರು ಮಾಡಿ. ಹೊಟ್ಟೆ ಸ್ಕ್ಯಾನ್ ಇವತ್ತೇ ಆಗಬೇಕು" ಅಂದರು.

ಈಗಲೇ ತೆಗೀರಿ ಅಂದರೆ ಎಲ್ಲಿಂದ ತೆಗೆಯುವುದು? ಅಷ್ಟು ದಿನದ ಜ್ವರಕ್ಕೆ ನರಗಳೆಲ್ಲ ಒಳಗೆ ಸೇರಿಕೊಂಡಿದ್ದವು. ಡ್ರಿಪ್ ಹಾಕಿ ಹಾಕಿ ಮುಂಗೈ ಊದಿತ್ತು. ಮೊದಲ ಚುಚ್ಚಿಗೆ ಏನೂ ಬರಲಿಲ್ಲ. ಎರಡನೆಯದಕ್ಕೆ ಒಂದು ಹನಿ ಬಂದು ನಿಂತಿತು. ಇರುವೆಯಕ್ಕನ ಬೆರಳಿಗೆ ಜೀವಮಾನದಲ್ಲಿ ಮೊದಲ ಸಲ ನರ ಸಿಗುತ್ತಿರಲಿಲ್ಲ. ಮೊಣಕೈ, ಮಣಿಕಟ್ಟು, ಕಾಲಿನ ಗಿಣ್ಣು, ಎಲ್ಲ ಕಡೆ ಹುಡುಕಿದಳು. ಓರಗಿತ್ತಿ ಕಿರುಚಿದಳು.

"ಬಿಡಿ! ಕೊಲ್ತೀರಾ ನನ್ನ? ಬಕೆಟ್ಟಿನ ಸಿಟ್ಟೆಲ್ಲ ಇಲ್ಲಿ ತೀರಿಸ್ಕೊಳ್ತಾ ಇದ್ದೀರಾ?"

"ಹೂಂ ಕಣೇ, ತೀರಿಸ್ಕೊಳ್ತಾ ಇದೀನಿ. ಬೈಕೋ. ಅಲ್ಲಾಡಬೇಡ."

"ಅಯ್ಯೋ ಸಾಕು ಅಕ್ಕ, ಸಾಕು..."

"ಸಾಕಾಗಲ್ಲ," ಅಂದಳು. ಅಳುತ್ತಲೇ ಅಂದಳು. ಆಳದಲ್ಲಿ ಎಲ್ಲೋ ಒಂದು ನರ ಸಿಕ್ಕಿತು. ನಿಧಾನವಾಗಿ ಸಿರಿಂಜು ತುಂಬಿಕೊಂಡು, ಗುಳ್ಳೆಯಿಲ್ಲದ ಹಾಗೆ ನೇರಳೆ ಬಾಟ್ಲಿಗೆ ಮೊದಲು ಹಾಕಿದಳು, ಆಮೇಲೆ ನೀಲಿಗೆ. ಎದುರಿನ ಮಂಚದಲ್ಲಿ, ಹಿಂದಿನ ದಿನವಷ್ಟೇ "ನಿನ್ನ ಕೈ ತಣ್ಣಗಿರಲಿ ತಾಯಿ" ಅಂದಿದ್ದ ಅಜ್ಜಿ, ತನ್ನ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಿತು.

ಸ್ಕ್ಯಾನಿನಲ್ಲಿ ಹೊಲಿಗೆಯ ಹಿಂದೆ ಕೀವು ನಿಂತಿರುವುದು ಕಂಡಿತು. ಹೊಟ್ಟೆಯ ಪಕ್ಕದಿಂದ ಕೊಳವೆ ಇಳಿಸಿ ಅದನ್ನು ಹರಿಸಿದರು. ಮಾರನೆಯ ದಿನ ಲ್ಯಾಬಿನ ಡಾಕ್ಟರಮ್ಮ ತಾವೇ ವಾರ್ಡಿಗೆ ಫೋನು ಮಾಡಿದರು: ನೇರಳೆ ಬಾಟ್ಲಿ ಕೂಗಿದೆ, ನೀಲಿಯದು ಸುಮ್ಮನಿದೆ. ಕರುಳಿನ ಕ್ರಿಮಿಯೇ. ಹಾಕುತ್ತಿರುವ ಹೊಸ ಔಷಧಿ ಸರಿಯಾಗಿದೆ, ಮುಂದುವರಿಸಿ. ಸಿಸ್ಟರು ಬಂದು ಹೇಳಿದಾಗ ಇರುವೆಯಕ್ಕ "ಹೌದಾ" ಅಂದಳು, ಅಷ್ಟೇ. ಸಂತೋಷಪಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ಓರಗಿತ್ತಿಯನ್ನು ದೊಡ್ಡ ಕೋಣೆಗೆ, ಮೆಶೀನುಗಳ ನಡುವೆ ಒಯ್ದಿದ್ದರು. ರಕ್ತದೊತ್ತಡ ಬಿತ್ತು, ಎದ್ದಿತು, ಮತ್ತೆ ಬಿತ್ತು. ಉಳಿಯುತ್ತಾಳೋ ಇಲ್ಲವೋ ಅಂತ ಕೆಲವು ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡ್ಯೂಟಿ ಮುಗಿಸಿ ಇವಳು ಆ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದಳು. ಮೈದುನ ಬೆಂಚಿನ ಇನ್ನೊಂದು ತುದಿಯಲ್ಲಿ. ಅವನು ಬೈಯಲಿಲ್ಲ. ಒಂದು ಸಾಯಂಕಾಲ ಟೀ ತಂದು ಅವಳ ಪಕ್ಕ ಇಟ್ಟು ಹೋದ. ಅದನ್ನು ನೋಡಿ ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

ವಾರ್ಡಿನಲ್ಲಿ ಅವಳ ಹೆಸರು ಕೆಟ್ಟಿತು. ಈಗ ಅವಳು ಎರಡೂ ಬಾಟ್ಲಿ ತುಂಬುತ್ತಿದ್ದಳು. ತುಂಬುವಷ್ಟು ಹೊತ್ತು ಸೂಜಿ ಒಳಗಿರಬೇಕು, ಮುದುಕರು ಮುಲುಗುತ್ತಿದ್ದರು. "ಒಂದು ಸಾಕು ಬಿಡೇ ತಾಯಿ, ಮೊದಲೆಲ್ಲ ಹೀಗಿರ್ಲಿಲ್ಲ ನೀನು" ಅಂತ ಒಬ್ಬ ಅಜ್ಜ ಕೈ ಮುಗಿದ. "ರಕ್ತ ತೆಗೆಯೋಕೆ ಬೇರೆ ಯಾರನ್ನಾದ್ರೂ ಕಳಿಸಿ" ಅಂತ ರೋಗಿಯ ಮಗಳೊಬ್ಬಳು ಸಿಸ್ಟರಿಗೆ ದೂರು ಕೊಟ್ಟಳು. ಹೊಗಳಿಕೆ ಕಮ್ಮಿಯಾದದ್ದರಿಂದ ಇರುವೆಯಕ್ಕನಿಗೆ ಅಂಥ ನೋವೇನೂ ಆಗಲಿಲ್ಲ. ಬೀರು ತೆರೆದಾಗ, ನೇರಳೆ ಬಾಟ್ಲಿಗಳ ಸಾಲು ಕಂಡಾಗ ಮಾತ್ರ ಬಾಗಿಲು ಹಿಡಿದು ನಿಲ್ಲುತ್ತಿದ್ದಳು.

ಓರಗಿತ್ತಿ ಉಳಿದಳು. ಅರ್ಧ ಆಗಿದ್ದಳು, ಗಲ್ಲ ಒಳಸೇರಿತ್ತು, ಆದರೆ ಉಳಿದಳು. ಮನೆಗೆ ಹೊರಡುವ ದಿನ ಮೈದುನ ಗಾಡಿ ತರಲು ಹೋದಾಗ ಇಬ್ಬರೂ ಕಿಟಕಿಯ ಹತ್ತಿರ ಬಿಸಿಲಿಗೆ ಕೂತಿದ್ದರು. ಓರಗಿತ್ತಿ ತೋಳು ಚಾಚಿ ಕಪ್ಪಗಾದ ಕಲೆಗಳನ್ನು ನೋಡಿಕೊಂಡಳು.

"ಜಾಲರಿ ಮಾಡಿಬಿಟ್ರಲ್ಲ ಅಕ್ಕ ನನ್ನ."

"ಮಾಡಿದೆ ಕಣೇ. ಮೊದಲ ದಿನವೇ ಮಾಡಬೇಕಿತ್ತು. ನಿನ್ನ ಕೊಂದೇಬಿಡ್ತಿದ್ದೆ ನಾನು."

"ಗೊತ್ತು. ಡಾಕ್ಟರ ಮುಂದೆ ನೀವು ಹೇಳಿದಾಗ ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ." ಓರಗಿತ್ತಿ ಇವಳ ಕೈಮೇಲೆ ಕೈಯಿಟ್ಟಳು. "ನನಗೆ ಸಿಟ್ಟಿಲ್ಲ ಅಕ್ಕ. ಸಾಕು ಅಂತ ಗೋಗರೆದವಳು ನಾನೇ. ಇಷ್ಟು ವರ್ಷ ಕಚ್ಚಾಡಿದ್ವಿ, ಆದ್ರೂ ನನಗೆ ನೋವಾಗುತ್ತೆ ಅಂತ ನಿಮ್ಮ ಕೆಲಸವನ್ನೇ ಅರ್ಧಕ್ಕೆ ಬಿಟ್ರಲ್ಲ. ಮಲಗಿದಲ್ಲಿ ಅದನ್ನೇ ಯೋಚಿಸ್ತಿದ್ದೆ. ನನ್ನ ಮೇಲೆ ಅಷ್ಟು ಜೀವ ಇತ್ತಾ ನಿಮಗೆ ಅಂತ."

ಇರುವೆಯಕ್ಕ ಅವಳ ಮುಖ ನೋಡಿದಳು. ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಮನೆಯಲ್ಲಿ ಇನ್ನು ಜಗಳವೇ ಇರುತ್ತಿರಲಿಲ್ಲವೇನೋ. ಆದರೆ ಅವಳಿಗೆ ತುಂಬ ದಣಿವಾಗಿತ್ತು, ಇದೊಂದು ಸುಳ್ಳನ್ನೂ ಹೊರುವ ಶಕ್ತಿ ಇರಲಿಲ್ಲ.

"ನಿನಗೊಬ್ಬಳಿಗೇ ಅಲ್ಲ ಕಣೇ. ಎಲ್ಲರಿಗೂ ಒಂದೇ ಬಾಟ್ಲಿ ತುಂಬ್ತಿದ್ದೆ. ಎಷ್ಟೋ ವರ್ಷದಿಂದ."

ಓರಗಿತ್ತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಟ್ಟಿದ್ದ ಕೈ ಅಲ್ಲೇ ಇತ್ತು, ಆದರೆ ತಣ್ಣಗಾಯಿತು.

"ಅವರೆಲ್ಲ ಏನಾದ್ರು ಅಕ್ಕ?"

"ಕೆಲವರು ಮನೆಗೆ ಹೋದ್ರು," ಅಂದಳು ಇರುವೆಯಕ್ಕ.